ಕಂಬಳಿಗೆ ಅಂಟಿದ ಕಡಲು

ಹೋದ ಭಾನುವಾರ ಚಳ್ಳಕೆರೆಯ ನಮ್ಮ ಕಣದಲ್ಲಿ ಸಮುದ್ರವೊಂದು ಕಂಬಳಿಗೆ ಅಂಟಿಕೊಂಡಿತು. ನಗಬೇಡಿ, ಪೂರ್ತಿ ಕೇಳಿ.

ನನ್ನ ಹೆಂಡತಿಯ ತವರು ಕಾರವಾರದ ಕಡೆ. ಅಲ್ಲೊಂದು ಪ್ರೆಸ್ಸಿನಲ್ಲಿ ಎರಡು ವರ್ಷ ಮಸಿ ಬಳಿದುಕೊಂಡು ಬಂದವನು ನಾನು. (ಸಂಪಾದಿಸಿದ್ದು ಅವಳೊಬ್ಬಳನ್ನೇ.) ತವರು ಬಿಟ್ಟು ಏಳು ವರ್ಷವಾಯಿತು. ಆ ಭಾನುವಾರಕ್ಕೆ ಒಂದು ವಾರ ಮೊದಲು ರೊಟ್ಟಿ ತಟ್ಟುತ್ತಾ ಸುಮ್ಮನೆ ಅಂದಳು: "ಕಣ್ಣು ಮುಚ್ಚಿದ್ರೂ ಈಗ ನಮ್ಮೂರ ಕಡಲು ಬರೂದಿಲ್ಲ."

ಅಳಲಿಲ್ಲ. ಅಷ್ಟೇ ಅಂದಳು. ಅತ್ತಿದ್ದರೆ ಸಮಾಧಾನವನ್ನಾದರೂ ಮಾಡಬಹುದಿತ್ತು. ಇದಕ್ಕೇನು ಮಾಡುವುದು?

ಆ ಕಡಲನ್ನು ಕಾಗದದ ಮೇಲಾದರೂ ತಂದೇ ತೀರುತ್ತೇನೆ ಎಂದು ಹೊರಟೆ.

ಪ್ರೆಸ್ಸಿನಲ್ಲಿ ಕಲಿತ ಒಂದು ಆಟವಿತ್ತು. ತಾಮ್ರದ ತಗಡಿಗೆ ಮಸಿ ಬಳಿದು, ಬಟ್ಟೆಯಿಂದ ಒರೆಸಿ, ಕಡ್ಡಿಯಿಂದ ಗೀರಿ ಚಿತ್ರ ಮಾಡುವುದು. ಮೇಲೆ ಒದ್ದೆ ಕಾಗದ, ಅದರ ಮೇಲೆ ಕಂಬಳಿ ಹಾಸಿ ಒತ್ತುವುದು. ಬರುವುದು ಒಂದೇ ಪ್ರತಿ, ಎರಡನೆಯದು ಇಲ್ಲ. ಇದಕ್ಕೆ ಮಾನೋಟೈಪ್ ಅನ್ನುತ್ತಾರೆ. ನಮ್ಮಲ್ಲಿ ಒತ್ತುವ ಮಷೀನೆಲ್ಲಿ? ಒಕ್ಕಣೆಗೆ ಕಣದಲ್ಲಿ ಉರುಳಿಸುವ ರೋಣಗಲ್ಲೇ ಗತಿ!

ಮೊದಲನೆಯದನ್ನು ನೋಡಿ ಅವಳು, "ಇದು ಕೆರೆ ಅಲ್ದಾ?" ಅಂದಳು. ಎರಡನೆಯದು ಮೋಡವಂತೆ. ಐದನೆಯದನ್ನು ನೋಡಿ ಒಲೆಯ ಕಡೆ ಹೋದಳು. ಆರು ಹಾಳೆ ಫೇಲ್. ಜತೆಗೆ ನನ್ನ ಹಳೇ ಕಂಬಳಿಯೂ ಚಿಂದಿ.

ಏಳನೆಯದಕ್ಕೆ ಗೆಳೆಯ ತಿಪ್ಪಣ್ಣನ ಕಂಬಳಿ ಕೇಳಿದೆ. ಅವನು ನೇಕಾರ. ಮಗ್ಗದಿಂದ ಆಗಷ್ಟೇ ಇಳಿಸಿದ್ದ ಕಂಬಳಿ ಅದು.

"ಲೇ, ಮೊಳಕಾಲ್ಮೂರ್ನೋರು ಹೇಳಿ ಮಾಡ್ಸಿರೋದು. ನಾಳೆ ಗಾಡಿಗೆ ಹೋಗ್ಬೇಕು."

"ಒಂದು ಗಳಿಗೆ ಕಣೋ."

"ನಿನ್ನ ಗಳಿಗೆ ನಂಗೊತ್ತಿಲ್ವೇನಲೇ?" ಬೈಯುತ್ತಲೇ ಬಂದು ಕಲ್ಲಿಗೆ ಹೆಗಲು ಕೊಟ್ಟ.

ಹೊಸ ಕಂಬಳಿಯ ತುಂಬ ಹುಣಸೆ ಬೀಜದ ಗಂಜಿ ಇರುತ್ತದೆ ಎಂಬುದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಒದ್ದೆ ಕಾಗದ ತಗುಲಿದರೆ ಏನಾಗುತ್ತದೆಂದು ನನಗೂ ಹೊಳೆಯಲಿಲ್ಲ, ನೇಯ್ದವನಿಗೂ ಹೊಳೆಯಲಿಲ್ಲ!

ಕಂಬಳಿ ಎತ್ತಿದರೆ ಕಾಗದವೂ ಅಂಟಿಕೊಂಡೇ ಎದ್ದಿತು. ಕರೀ ಬಂಡೆ, ಅದಕ್ಕೆ ಬಡಿದು ಚೂರಾಗುತ್ತಿರುವ ಅಲೆ. ತಿಪ್ಪಣ್ಣ ಹಿಡಿದ ಕಂಬಳಿ ಗಾಳಿಗೆ ಅಲುಗಿದಂತೆಲ್ಲ ನೀರೂ ಅಲುಗಾಡಿತು.

ನನ್ನವಳು ಹತ್ತಿರ ಬಂದಳು. ಬಂಡೆಯತ್ತ ಬೆರಳು ತೋರಿದಳು.

"ಇದೇಯ. ಈ ಬಂಡೆ ಮೇಲೇ ನಮ್ಮಪ್ಪ ಬಲೆ ಒಣಗಿಸ್ತಿದ್ದ."

ತಿಪ್ಪಣ್ಣ ಅಂಚು ಹಿಡಿದು ಮೆಲ್ಲಗೆ ಎಳೆದ. ಕಾಗದ ಚರ್ ಅಂದಿತು. ತಡೆಯಲು ಅವಳು ಕೈ ಚಾಚಿದಳು. ಹಾಗೇ ಹಿಂದಕ್ಕೆ ಎಳೆದುಕೊಂಡಳು, ಕಂಬಳಿ ಅವನದಲ್ಲವೇ?

ಅವನು ನನ್ನ ಮುಖ ನೋಡಿದ. "ಇನ್ನೊಂದು ಇಂಥದೇ ಬರಲ್ವೇನಲೇ?"

"ಬರಲ್ಲ."

ಸೊಂಟದಿಂದ ಕುರಿ ಉಣ್ಣೆ ಕತ್ತರಿಸುವ ಕತ್ತರಿ ತೆಗೆದ. ಅಷ್ಟು ಚಂದದ ಕಂಬಳಿಯ ನಡುವಿಗೇ ಹಾಕಿ, ಚಿತ್ರದ ಸುತ್ತ ಕತ್ತರಿಸಿದ.

"ಹಿಡಿ ತಾಯಿ. ಮೊಳಕಾಲ್ಮೂರ್ನೋರಿಗೆ ಇನ್ನೊಂದು ನೇಯ್ದು ಕೊಡ್ತೀನಿ. ಇಲಿ ಕಡೀತು ಅಂತೀನಿ ಬಿಡು."

(ಇಷ್ಟು ದೊಡ್ಡ ಇಲಿ ಮೊಳಕಾಲ್ಮೂರಿನಲ್ಲೂ ಇರಲಾರದು.)

ತನ್ನ ದುಡಿಮೆಗೆ ತಾನೇ ಕತ್ತರಿ ಹಾಕಿದ ತಿಪ್ಪಣ್ಣ ಸಮುದ್ರ ಕಂಡವನೇ ಅಲ್ಲ. ಎರಡು ವರ್ಷ ಅದರ ದಡದಲ್ಲೇ ಇದ್ದ ನನಗೆ, ಹೆಂಡತಿ ಏನು ಬಿಟ್ಟು ಬಂದಳೆಂದು ತಿಳಿಯಲು ಏಳು ವರ್ಷ ಬೇಕಾಯಿತು.

ನಿಮ್ಮ ಮನೆಯಾಕೆ ಯಾವ ನೀರಿನ ದಡ ಬಿಟ್ಟು ಬಂದಳೆಂದು ಒಮ್ಮೆಯಾದರೂ ಕೇಳಿದ್ದೀರಾ?