ಮೂವತ್ತು ಎಣಿಸಿ ಎನ್ನುವವನು
ನನ್ನ ಗಂಡ ಸಾಯುವ ಹಿಂದಿನ ದಿನವೂ ಇಂಟರ್‌ನೆಟ್ ಕಂಪನಿಯ ಫೋನಿನವನ ಜೊತೆ ಜಗಳವಾಡಿದರು. ಅವನು ಒಪ್ಪಿಸುತ್ತಿದ್ದದ್ದು ವಿಂಡೋಸಿನ ಪಾಠ ಒಂದೇ, ನಮ್ಮ ಕಂಪ್ಯೂಟರಿನಲ್ಲಿ ಅದರ ಬದಲು ಇರುವುದು ಲಿನಕ್ಸ್. "ಸ್ಟಾರ್ಟ್ ಬಟನ್ ಒತ್ತಿ ಸರ್." "ಇದರಲ್ಲಿ ಅದಿಲ್ಲ ಕಣಪ್ಪ, ಇದು ಲಿನಕ್ಸು." "ಸರಿ ಸರ್, ಸ್ಟಾರ್ಟ್ ಒತ್ತಿ." ಹಿಡಿದ ಮೊಲಕ್ಕೆ ಮೂರೇ ಕಾಲು; ಮನೆಗೆ ಬೆಂಕಿ ಬಿದ್ದಿದೆ ಎಂದರೂ ಅವನು ಸ್ಟಾರ್ಟ್ ಒತ್ತಿ ಎನ್ನುವವನೇ. ವಿಂಡೋಸ್ ಇದೆ ಎಂದು ಸುಳ್ಳು ಹೇಳಿ ಎಂದು ನಾನಂದರೂ ಇವರು ಕೇಳುತ್ತಿರಲಿಲ್ಲ. ಕೊನೆಗೆ ಅವನು, "ಮೋಡೆಮ್ ಆರಿಸಿ, ಮೂವತ್ತು ಎಣಿಸಿ, ಮತ್ತೆ ಹಾಕಿ ಸರ್" ಎನ್ನುತ್ತಿದ್ದ. ಇವರು ಒಂದೊಂದು ಅಂಕಿಗೂ ಒಂದೊಂದು ಬೈಗುಳ ಸೇರಿಸಿ ಎಣಿಸುತ್ತಿದ್ದರು. ಇವರು ಹೋಗಿ ತಿಂಗಳಾದ ಮೇಲೆ ನೆಟ್ ನಿಂತಿತು. ನಾನೇ ಫೋನ್ ಮಾಡಿದೆ. ಅದೇ ದನಿ; ನಮ್ಮ ನಂಬರ್ ಗುರುತು ಹಿಡಿದು ಅಂದ, "ಆ ಲಿನಕ್ಸ್ ಅಳಿಸಿ ವಿಂಡೋಸ್ ಹಾಕಿಸ್ಕೊಳ್ಳಿ ಅಮ್ಮ." "ನನ್ನ ಗಂಡ ತೀರಿಕೊಂಡ್ರು. ಅದು ಅವರೇ ಕೈಯಾರೆ ಹಾಕಿದ್ದು. ಅಳಿಸಲ್ಲ" ಎಂದೆ. ಅವನು ದನಿ ತಗ್ಗಿಸಿ, "ಅಳಿಸಬೇಡಿ ಅಮ್ಮ. ನಮ್ಮ ಮನೇಲೂ ಲಿನಕ್ಸೇ. ಇಲ್ಲಿ ಅದರ ಬಗ್ಗೆ ಮಾತಾಡಿದ್ರೆ ಕೆಲಸ ಹೋಗುತ್ತೆ" ಎಂದ. ಎಲ್ಲ ಗೊತ್ತಿದ್ದೂ ಇವರನ್ನು ಅಷ್ಟು ಸತಾಯಿಸಿದ್ದನಲ್ಲ! ಫೋನ್ ಇಟ್ಟೆ. ಈಗಲೂ ದಿನಾ ಬೆಳಿಗ್ಗೆ ಮೋಡೆಮ್ ಆರಿಸಿ ಮೂವತ್ತರವರೆಗೆ ಎಣಿಸುತ್ತೇನೆ, ಇವರ ಒಂದು ಬೈಗುಳವನ್ನೂ ಬಿಡುವುದಿಲ್ಲ.