ಸಿಗದ ಹಾಗೆ ಹುಡುಕುವುದು

ಕಳೆದ ತಿಂಗಳು ನವಿ ಮುಂಬಯಿಯ ನೆರೂಳದಲ್ಲಿ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ಹಲ್ಲಿನ ಕುಳಿಯೊಳಗೆ ಅವರು ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟರು. ಆ ವಾಸನೆ ಮೂಗಿಗೇರಿದ ಕೂಡಲೇ ನಮ್ಮ ಕಾಲೇಜಿನ ಮೂರನೆಯ ಮಹಡಿಯ ಒಂದು ಕ್ಯಾಬಿನ್ ಕಣ್ಣಿಗೆ ಕಟ್ಟಿತು. ಅದರೊಳಗೆ, ಬಲಗೆನ್ನೆಯಲ್ಲಿ ಲವಂಗ ಒತ್ತಿಕೊಂಡು ಕುಳಿತ ಸರ್. ಎದ್ದು ಹೋಗೋಣವೆಂದರೆ ಹೋಗುವಂತಿರಲಿಲ್ಲ, ಏನಾದರೂ ಹೇಳೋಣವೆಂದರೆ ಬಾಯಿ ನನ್ನ ಸ್ವಾಧೀನದಲ್ಲಿರಲಿಲ್ಲ. ಅವರ ಎದುರು ನಾನು ಒಂದು ಇಡೀ ವರ್ಷ ಕಳೆದದ್ದೂ ಹೆಚ್ಚುಕಡಿಮೆ ಹೀಗೆಯೇ.

ಸರ್ ನನ್ನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಗೈಡ್ ಆಗಿದ್ದರು. ಉಡುಪಿ ಕಡೆಯವರು. ನಮ್ಮ ಮನೆಯವರೂ ಆ ಕಡೆಯವರೇ ಎಂದು ತಿಳಿದ ದಿನದಿಂದ ನನ್ನನ್ನು ‘ನಮ್ಮ ಊರಿನ ಹುಡುಗಿ’ ಎಂದು ಎಲ್ಲರೆದುರು ಪರಿಚಯಿಸುತ್ತಿದ್ದರು. ನಾನು ಹುಟ್ಟಿದ್ದು ಕಲ್ಯಾಣದಲ್ಲಿ, ಬೆಳೆದದ್ದು ನೆರೂಳದಲ್ಲಿ. ಅವರ ಊರನ್ನು ನೋಡಿದ್ದು ಯಾರದಾದರೂ ಮದುವೆಗೆ ಹೋದಾಗ, ಅಷ್ಟೇ. ನ್ಯಾಯವಾಗಿ ಹೇಳಬೇಕೆಂದರೆ ಅವರಿಗೆ ಒಂದು ವಿದ್ಯೆ ಬರುತ್ತಿತ್ತು: ಕೈವಾರವಿಲ್ಲದೆ, ಬೋರ್ಡಿನ ಮೇಲೆ ಒಂದೇ ಸುತ್ತಿನಲ್ಲಿ, ಎಲ್ಲಿಯೂ ವಾಲದ ವೃತ್ತ ಬರೆಯುತ್ತಿದ್ದರು. ಅವರು ಸ್ವತಃ ಮಾಡಿದ್ದೆಂದು ನಾನು ಕಣ್ಣಾರೆ ಕಂಡದ್ದು ಅದೊಂದನ್ನೇ.

ಆಗ ಕಾಲೇಜಿಗೆ ಒಂದು ಹೊಸ ಗೀಳು ಹಿಡಿದಿತ್ತು. ಪ್ರತಿಯೊಬ್ಬ ಗೈಡೂ ವರ್ಷಕ್ಕೊಂದು ಆವಿಷ್ಕಾರವನ್ನು ಪೇಟೆಂಟಿಗೆ ಕಳಿಸಬೇಕು. ಬಡ್ತಿ ಕೊಡುವಾಗ ಅದನ್ನು ನೋಡುತ್ತಿದ್ದರು. ಕಳಿಸುವ ಮೊದಲು, ಅಂಥ ವಸ್ತು ಎಲ್ಲಾದರೂ ಈಗಾಗಲೇ ಇದೆಯೇ ಎಂದು ತಂಡದ ಒಬ್ಬ ವಿದ್ಯಾರ್ಥಿ ಹುಡುಕಿ ನೋಡಿ, ಫಾರಂ ತುಂಬಿ ಸಹಿ ಮಾಡಬೇಕಿತ್ತು. ‘ನನಗೆ ತಿಳಿದಂತೆ ಈ ವಸ್ತು ಎಲ್ಲಿಯೂ ಪ್ರಕಟವಾಗಿಲ್ಲ, ಎಲ್ಲಿಯೂ ಬಳಕೆಯಲ್ಲಿಲ್ಲ’ ಎಂಬುದು ಆ ಫಾರಮಿನ ಕೊನೆಯ ಸಾಲು. ನಮ್ಮ ತಂಡದಲ್ಲಿ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಅಕ್ಷರ ಚೆನ್ನಾಗಿದೆ ಎಂಬುದು ಸರ್ ಕೊಟ್ಟ ಕಾರಣ.

ಅವರು ಮೊದಲು ಆರಿಸಿದ್ದು ಬಟ್ಟೆ ಒಣಗಿಸುವ ಕೋಲು. ಛಾವಣಿಗೆ ಕಟ್ಟಿದ, ಹಗ್ಗ ಎಳೆದರೆ ಏರುವ, ಬಿಟ್ಟರೆ ಇಳಿಯುವ ಕೋಲು. ನವಿ ಮುಂಬಯಿಯಲ್ಲಿ ಅದಿಲ್ಲದ ಬಾಲ್ಕನಿ ಇಲ್ಲ. ಸರ್ ಅವರ ಕ್ಯಾಬಿನ್ನಿನ ಕಿಟಕಿಯಿಂದಲೇ ಎದುರಿನ ಕಟ್ಟಡದಲ್ಲಿ ಅಂಥ ಹನ್ನೊಂದು ಕಾಣುತ್ತಿದ್ದವು, ನಾನು ಎಣಿಸಿದ್ದೆ. ಹಗ್ಗ, ರಾಟೆ, ಬಟ್ಟೆ ಎಂಬ ಪದಗಳನ್ನು ಹಾಕಿ ಹುಡುಕಿ, ಸಿಕ್ಕ ನಲವತ್ತು ಹಳೆಯ ಅರ್ಜಿಗಳ ಪಟ್ಟಿ ಮಾಡಿಕೊಂಡು ಹೋದೆ.

“ಎಂತ ಇದು?” ಎಂದರು ಸರ್.

“ಈಗಾಗಲೇ ಇರುವವು, ಸರ್. ಸಿಕ್ಕಿದವು.”

“ಸಿಗುವ ಹಾಗೆ ಹುಡುಕಿದ್ರೆ ಸಿಗದೆ ಎಂತ ಮಾಡ್ತದೆ ಮಾರಾಯ್ತಿ? ಹಗ್ಗ ಅಂತ ಹಾಕಿದ್ರೆ ಹಗ್ಗ ಬಾರದೆ ಹಾವು ಬರ್ತದಾ? ಕೂತ್ಕೋ. ನೋಡಿ ಕಲಿ.”

ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು, ಎರಡು ಬೆರಳಲ್ಲಿ, ಅವರು ಇಂಗ್ಲಿಷಿನಲ್ಲಿ ಟೈಪು ಮಾಡಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಲಂಬ ಚಲನೆಯ ಗೃಹಾಂತರ್ಗತ ವಸ್ತ್ರ-ನಿರ್ಜಲೀಕರಣ ವ್ಯವಸ್ಥೆ’. ಪರದೆಯ ಮೇಲೆ ಸೊನ್ನೆ ಬಂತು. ಸರ್ ಕುರ್ಚಿಗೆ ಒರಗಿದರು.

“ಉಂಟಾ ಎಲ್ಲಾದ್ರೂ? ಇಲ್ಲ. ಪ್ರಪಂಚದಲ್ಲೇ ಇಲ್ಲ. ಒಂದು ಬಂದ್ರೂ ಮೀಸೆ ಬೋಳಿಸ್ತೇನೆ.”

ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ ಎದುರು ಮನೆಯ ಹೆಂಗಸೊಬ್ಬಳು ಹಗ್ಗ ಸಡಿಲಿಸಿ, ಕೋಲು ಇಳಿಸಿ, ಅದರ ಮೇಲೆ ಚಾದರ ಹರವುತ್ತಿದ್ದಳು.

ಆ ಕೋಲು ಸರ್‌ಗೆ ದಕ್ಕಲಿಲ್ಲ. ಅದೇ ವಾರ ಸಿವಿಲ್ ವಿಭಾಗದವರು ಅದನ್ನೇ ಬೇರೆ ಹೆಸರಿನಲ್ಲಿ ಕಳಿಸಿಬಿಟ್ಟಿದ್ದರು. “ಕಳ್ಳರು” ಎಂದು ಸರ್ ಎರಡು ದಿನ ಬೈಯುತ್ತ ತಿರುಗಿದರು. ಅದನ್ನು ಅವರು ತಮಾಷೆಗೆ ಹೇಳಲಿಲ್ಲ ಎನ್ನುವುದನ್ನು ಇಲ್ಲಿ ಬರೆದಿಡಬೇಕು.

ನನ್ನ ಅಪ್ಪ ಆಗ ಸ್ಟೇಷನ್ ಬಳಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಸರ್ ಶನಿವಾರಗಳಂದು ಅಲ್ಲಿಗೆ ತಿಂಡಿಗೆ ಬರುತ್ತಿದ್ದರು. ಒಂದು ಶನಿವಾರ ಕೈ ತೊಳೆಯಲು ಹೋದವರು ಅಡುಗೆಮನೆಯ ಬಾಗಿಲಲ್ಲಿ ನಿಂತೇಬಿಟ್ಟರು. ಒಳಗೆ ಸಾಂಬಾರಿನ ದೊಡ್ಡ ಪಾತ್ರೆ ಒಂದು ಕಬ್ಬಿಣದ ಸ್ಟ್ಯಾಂಡಿನ ಮೇಲಿತ್ತು. ಮುಂದಿನ ಅಂಚಿಗೆ ಕೀಲು, ಹಿಂದೆ ಹಳೆಯ ಸ್ಕೂಟರಿನಿಂದ ಬಿಚ್ಚಿದ ಸ್ಪ್ರಿಂಗು. ಪಾತ್ರೆ ತುಂಬಿದ್ದಾಗ ಭಾರಕ್ಕೆ ಸ್ಪ್ರಿಂಗು ಅದುಮಿಕೊಂಡು ಪಾತ್ರೆ ನೆಟ್ಟಗೆ ಕೂರುತ್ತಿತ್ತು. ಸಾಂಬಾರು ಖಾಲಿಯಾದಂತೆ ಹಿಂಭಾಗ ತಾನಾಗಿ ಮೇಲೆದ್ದು, ಪಾತ್ರೆ ಬಡಿಸುವವನ ಕಡೆಗೆ ಬಾಗುತ್ತಿತ್ತು. ತಳದ ಸಾಂಬಾರಿಗಾಗಿ ಯಾರೂ ಬಿಸಿ ಪಾತ್ರೆಯನ್ನು ಎತ್ತಿ ಓರೆ ಮಾಡಬೇಕಾಗಿರಲಿಲ್ಲ.

“ತುರ್ಭೆಯ ವೆಲ್ಡಿಂಗ್ ಮಿಸ್ತ್ರಿ ಮಾಡಿಕೊಟ್ಟದ್ದು ಸರ್,” ಎಂದು ಅಪ್ಪ ಹೆಮ್ಮೆಯಿಂದ ವಿವರಿಸಿದರು. “ನಮ್ಮ ಭಟ್ಟರ ಕಾಲು ಸುಟ್ಟಿತಲ್ಲ, ಆಮೇಲೆ ಹೇಳಿ ಮಾಡಿಸಿದ್ದು. ಈಗ ವಾಶಿಯ ಹೋಟೆಲಿನವರೂ ತೆಗೊಂಡು ಹೋಗಿದ್ದಾರೆ.” ಕಾಲೇಜಿನ ಪ್ರೊಫೆಸರರು ಕೇಳಿದರಲ್ಲ ಎಂಬ ಸಂತೋಷಕ್ಕೆ ಇನ್ನೊಂದು ಕಾಫಿ ತರಿಸಿಕೊಟ್ಟರು.

ಸೋಮವಾರ ಅದು ನಮ್ಮ ಪ್ರಾಜೆಕ್ಟ್ ಆಗಿತ್ತು. ಹೆಸರು ‘ಸ್ವಯಂಸ್ಪಂದಿ ದ್ರವಾಹಾರ ಕೋನ-ನಿಯಂತ್ರಣ ಪೀಠ’. ಆವಿಷ್ಕರಿಸಿದವರ ಪಟ್ಟಿಯಲ್ಲಿ ಮೊದಲು ಸರ್, ನಂತರ ಆ ಅಡುಗೆಮನೆಯನ್ನು ಎಂದೂ ನೋಡದ ವಿಭಾಗದ ಮುಖ್ಯಸ್ಥರು, ಆಮೇಲೆ ನಾವು ನಾಲ್ವರು ವಿದ್ಯಾರ್ಥಿಗಳು.

ನಾನು ಮೂರು ದಿನ ಹುಡುಕಿದೆ. ಸರ್ ಅವರ ಪದಗಳನ್ನಲ್ಲ, ನನ್ನ ಪದಗಳನ್ನು ಹಾಕಿ: ಪಾತ್ರೆ, ಸ್ಪ್ರಿಂಗು, ಬಾಗುವುದು. ಏನೂ ಸಿಗಲಿಲ್ಲ. ಅಂಥದ್ದನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ. ಸರ್ ಆ ವರ್ಷವಿಡೀ ನನ್ನನ್ನು ಹೊಗಳಿದ್ದು ಅದೊಂದೇ ದಿನ. ಆದರೆ ಫಾರಮಿನ ಕೊನೆಯ ಸಾಲಿನಲ್ಲಿ ‘ಎಲ್ಲಿಯೂ ಬಳಕೆಯಲ್ಲಿಲ್ಲ’ ಎಂದಿತ್ತು. ನಾನು ಸಂಜೆ ಅಪ್ಪನ ಹೋಟೆಲಿಗೆ ಹೋದಾಗಲೆಲ್ಲ ಆ ಸ್ಟ್ಯಾಂಡನ್ನು ದಾಟಿಕೊಂಡು ಹೋಗಿ ನೀರು ಕುಡಿಯುತ್ತಿದ್ದೆ.

ಎಷ್ಟು ಸಮಯದಿಂದ ಬಳಕೆಯಲ್ಲಿದೆ ಎಂದು ಕೇಳಿಕೊಂಡು ಬರಲು ತುರ್ಭೆಗೆ ಹೋದೆ. ಮಿಸ್ತ್ರಿ ವಿಜಯಪುರ ಕಡೆಯವರು. ತಗಡಿನ ಶೆಡ್ಡಿನೊಳಗೆ ಒಂದು ವೆಲ್ಡಿಂಗ್ ಮೆಷೀನು, ಒಂದು ಗ್ರೈಂಡರು, ಅಷ್ಟೇ.

“ಮ್ಯಾನೇಜರ್ ಸಾಹೇಬ್ರ ಮಗಳಲ್ಲೇನ್ರಿ? ಬರ್ರಿ ತಂಗಿ. ಅಲ್ಲಿ ಕುಂದ್ರಬ್ಯಾಡ್ರಿ, ಬಿಸಿ ಐತಿ.”

ಇದುವರೆಗೆ ಎಷ್ಟು ಮಾಡಿದ್ದೀರಿ ಎಂದು ಕೇಳಿದೆ.

“ಲೆಕ್ಕ ಯಾರ ಇಟ್ಟಾರ್ರಿ? ಹದಿನೈದಿಪ್ಪತ್ತು ಆಗಿರಬೇಕು. ಮೊದಲನೇದು ಕೆಟ್ಟಿತ್ರಿ. ಸ್ಪ್ರಿಂಗ್ ಭಾಳ ಬಿರುಸಾಗಿ, ಕತ್ತೆ ಒದ್ದಂಗ ಒದ್ದು ಸಾಂಬಾರೆಲ್ಲ ಚೆಲ್ಲಿಬಿಡ್ತು. ನಿಮ್ಮಪ್ಪ ಬೈದ್ರು ನೋಡ್ರಿ... ಆ ತುಳು ಬೈಗುಳ ನನಗ ತಿಳೀಲಿಲ್ಲ, ಅದಕ್ಕ ಬಚಾವಾದೆ.”

ಬಿಲ್ಲುಗಳಿವೆಯೇ ಎಂದು ಕೇಳಿದ್ದಕ್ಕೆ, “ಬಿಲ್ಲಾ? ನಾನೇನ್ ಶಾಪಿಂಗ್ ಮಾಲ್ ಇಟ್ಟೀನೇನ್ರಿ?” ಎಂದು ನಕ್ಕರು.

ಅದನ್ನು ನಮ್ಮ ಸರ್ ತಮ್ಮ ಹೆಸರಿನಲ್ಲಿ ಸರಕಾರಕ್ಕೆ ಕಳಿಸುತ್ತಿದ್ದಾರೆ ಎಂದು ಹೇಳಿದೆ. ಮಿಸ್ತ್ರಿ ಕೈಯಲ್ಲಿದ್ದ ಕಬ್ಬಿಣದ ತುಂಡನ್ನು ಸ್ವಲ್ಪ ಹೊತ್ತು ಆಚೀಚೆ ತಿರುಗಿಸಿ ನೋಡಿದರು. ಆಮೇಲೆ ಅದನ್ನು ಕೆಳಗಿಟ್ಟರು.

“ಹಂಗಾರ ನನ್ನ ಹೆಸರೂ ಹಾಕ್ಸಿರಿ. ಮೊದಲ ಬ್ಯಾಡ. ಕಡೀಕರ ಹಾಕ್ಸಿರಿ. ಮನ್ಯಾಕಿ ದಿನಾ ಅಂತಾಳ, ಬರೇ ತಗಡು ಬಡೀತಿ ಅಂತ. ತೋರಸ್ತೇನಿ.”

ವೆಲ್ಡಿಂಗ್ ರಾಡಿನ ಪೊಟ್ಟಣದ ರಟ್ಟು ಹರಿದು, ಅದರ ಹಿಂದೆ ತಮ್ಮ ಪೂರ್ತಿ ಹೆಸರನ್ನು, ತಂದೆಯ ಹೆಸರು, ಊರಿನ ಸಮೇತ ಬರೆದುಕೊಟ್ಟರು. ತಪ್ಪಾಗಿದೆಯೇ ನೋಡಿ, ಒಮ್ಮೆ ಓದಿ ಎಂದರು. ನಾನು ಗಟ್ಟಿಯಾಗಿ ಓದಿದೆ. “ಬರೋಬ್ಬರಿ” ಎಂದರು.

ಮರುದಿನ ಆ ರಟ್ಟನ್ನು ಸರ್ ಮೇಜಿನ ಮೇಲಿಟ್ಟೆ. ಅವರು ಓದಿದರೋ ಇಲ್ಲವೋ ಹೇಳಲಾರೆ.

“ಇವನ ಕ್ವಾಲಿಫಿಕೇಶನ್ ಎಂತ?”

“ಅದನ್ನು ಮಾಡಿದ್ದು ಅವರೇ, ಸರ್.”

“ಮಾಡಿದ್ದು ಅವ ಇರಬಹುದು. ಕಂಡುಹಿಡಿದದ್ದು ನಾವು. ಬೆಸುಗೆ ಹಾಕಿದವ, ಸ್ಕ್ರೂ ತಿರುಗಿಸಿದವ ಅಂತ ಎಲ್ಲರ ಹೆಸರು ಹಾಕ್ಲಿಕ್ಕೆ ಇದೆಂತ ಮದುವೆ ಕಾಗದವಾ?”

ಬಳಕೆಯಲ್ಲಿಲ್ಲ ಎಂದು ನಾನು ಹೇಗೆ ಬರೆಯಲಿ ಎಂದು ಕೇಳಿದೆ. ಬಳಕೆ ಎಂದರೆ ಕಂಪೆನಿಯವರು ಮಾಡಿ ಪೇಟೆಯಲ್ಲಿ ಮಾರುವುದು, ಹೋಟೆಲಿನ ಅಡುಗೆಮನೆಯದ್ದೆಲ್ಲ ಬಳಕೆಯಲ್ಲ ಎಂದರು. ಮಾತು ಮುಗಿಸಿ, ಕೆನ್ನೆಯ ಲವಂಗವನ್ನು ನಾಲಿಗೆಯಿಂದ ಮುಂದಕ್ಕೆ ತಂದು ಆ ರಟ್ಟಿನ ಮೇಲೆ ಉಗಿದರು. ಅದನ್ನು ನೀಟಾಗಿ ನಾಲ್ಕಾಗಿ ಮಡಚಿ ಬುಟ್ಟಿಗೆ ಹಾಕಿದರು. ಸಿಟ್ಟಿನಿಂದಲ್ಲ. ಕೈಗೆ ಸಿಕ್ಕ ಕಾಗದ ಅದಾಗಿತ್ತು, ಅಷ್ಟೇ. ಒಬ್ಬ ಮನುಷ್ಯನ ಬಗ್ಗೆ ನನಗೆ ಅಷ್ಟು ಸಂಪೂರ್ಣವಾದ, ಒಂದಿಷ್ಟೂ ಬಿಸಿಯಿಲ್ಲದ ತಿರಸ್ಕಾರ ಹುಟ್ಟಿದ್ದು ಅದೇ ಮೊದಲು.

“ನಾನು ಸಹಿ ಮಾಡುವುದಿಲ್ಲ, ಸರ್,” ಎಂದೆ.

ಅವರು ನನ್ನ ಮೇಲೆ ರೇಗಲಿಲ್ಲ. ಪಕ್ಕದಲ್ಲಿದ್ದ ನಮ್ಮ ತಂಡದ ಹುಡುಗನ ಕಡೆ ನೋಡಿದರು, ಅಷ್ಟೇ. “ದೇ ಇಧರ್. ಸೈನ್ ಹೀ ತೋ ಹೈ,” ಎಂದು, ಬರೀ ಒಂದು ಸಹಿ ತಾನೇ ಎಂಬಂತೆ, ಅವನು ನನ್ನ ಕೈಯಿಂದ ಫಾರಮನ್ನೂ ಪೆನ್ನನ್ನೂ ತೆಗೆದುಕೊಂಡು ಗೀಚಿದ. ಅರ್ಧ ನಿಮಿಷದ ಕೆಲಸ. ಪಟ್ಟಿಯಲ್ಲಿ ನನ್ನ ಹೆಸರು ಇದ್ದಲ್ಲಿಯೇ ಉಳಿಯಿತು. ತೆಗೆಯಿರಿ ಎಂದು ನಾನು ಕೇಳಲಿಲ್ಲ. ತೆಗೆದರೆ ಪ್ರಾಜೆಕ್ಟಿನ ಅಂಕವೂ ಹೋಗುತ್ತಿತ್ತು.

ಅಂಥ ಅರ್ಜಿ ಪ್ರಕಟವಾದ ಮೇಲೆ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. ಇದು ಇಂತಲ್ಲಿ ಮೊದಲೇ ಇತ್ತು ಎಂದು ಫೋಟೋ ಸಮೇತ ತೋರಿಸಬಹುದು. ಅದು ಆಗಲೇ ನನಗೆ ಗೊತ್ತಿತ್ತು. ಆದರೆ ಪರೀಕ್ಷೆ ಬಂತು, ಆಮೇಲೆ ಕೆಲಸ ಸಿಕ್ಕಿತು... ಮಿಸ್ತ್ರಿ ಹೋಟೆಲಿಗೆ ಬಂದಾಗಲೆಲ್ಲ “ತಂಗಿ ಏನಂದ್ರು?” ಎಂದು ಕೇಳುತ್ತಾರೆಂದು ಅಪ್ಪ ಹೇಳುತ್ತಿದ್ದರು. ನಡೀತಾ ಇದೆ ಎನ್ನಿ, ಎಂದೆ. ಎರಡು ಸಲ ಹಾಗೆ ಹೇಳಿದ ನೆನಪಿದೆ. ಮೂರನೆಯ ಸಲ ಕೇಳಿದರೋ ಇಲ್ಲವೋ...

ಸರ್‌ಗೆ ಬಡ್ತಿ ಸಿಕ್ಕಿತು. ಈಚೆಗೆ ನಿವೃತ್ತರಾದರು. ಊರಿನವರೆಲ್ಲ ಸೇರಿ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟ ಫೋಟೋ ನಮ್ಮ ವಾಟ್ಸಾಪ್ ಗುಂಪಿಗೂ ಬಂತು. ಕೆಳಗೆ ‘ಸಂಶೋಧಕರು’ ಎಂದಿತ್ತು. ದೊಡ್ಡದು ಮಾಡಿ ನೋಡಿದೆ. ಬಲಗೆನ್ನೆ ಸ್ವಲ್ಪ ಉಬ್ಬಿತ್ತು.

ನಾನೀಗ ಬೇಲಾಪುರದ ಒಂದು ಆಫೀಸಿನಲ್ಲಿದ್ದೇನೆ. ಯಾರಾದರೂ ಹೊಸದೊಂದು ಕಂಡುಹಿಡಿದೆವು ಎಂದರೆ, ಅದು ಈ ಮೊದಲೇ ಇದೆಯೇ ಎಂದು ಹುಡುಕಿ ವರದಿ ಕೊಡುವುದು ನನ್ನ ಕೆಲಸ. ಇತರರಿಗೆ ಸಿಗದ್ದು ನನಗೆ ಸಿಗುತ್ತದೆ ಎಂಬ ಹೆಸರಿದೆ. ಅದರ ಗುಟ್ಟು ಇಷ್ಟೇ: ವಸ್ತುವಿನ ನಿಜವಾದ ಹೆಸರು ಹಾಕಿ ಹುಡುಕಿದ ಮೇಲೆ, ಸರ್ ಇದನ್ನು ಏನೆಂದು ಕರೆಯುತ್ತಿದ್ದರು ಎಂದು ಯೋಚಿಸಿ ಇನ್ನೊಮ್ಮೆ ಹುಡುಕುತ್ತೇನೆ. ಅವರಂಥವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ನಾನು ಉಣ್ಣುತ್ತಿರುವುದು ಅವರು ಕಲಿಸಿದ ವಿದ್ಯೆಯಿಂದ. ಹೇಳಿಕೊಳ್ಳಲು ಹಿತವಾಗುವುದಿಲ್ಲ.

ಹಲ್ಲಿನ ನೋವು ಇಳಿದ ವಾರ ನಮ್ಮಲ್ಲಿಗೆ ಅಡುಗೆ ಸಾಮಾನು ಮಾಡುವ ಕಂಪೆನಿಯೊಂದರ ಕೆಲಸ ಬಂತು. ಖಾಲಿಯಾದಂತೆ ತಾನಾಗಿ ಬಾಗುವ ಪಾತ್ರೆಯ ಸ್ಟ್ಯಾಂಡು. ನನ್ನ ಜೊತೆಯವರಿಗೆ ಏನೂ ಸಿಕ್ಕಿರಲಿಲ್ಲ. ನಾನು ಆ ಹಳೆಯ ಉದ್ದನೆಯ ಹೆಸರನ್ನು ಒಂದು ಪದವೂ ಬಿಡದೆ ಟೈಪು ಮಾಡಿದೆ. ಒಂದೇ ಅರ್ಜಿ ಬಂತು, ಚಿತ್ರದೊಂದಿಗೆ. ಚಿತ್ರದಲ್ಲಿ ಸ್ಕೂಟರಿನ ಸ್ಪ್ರಿಂಗು ಹಾಗೆಯೇ ಇತ್ತು.

ಅಪ್ಪನಿಗೆ ಫೋನು ಮಾಡಿ, ಆ ಸ್ಟ್ಯಾಂಡಿನ ಫೋಟೋ ಏನಾದರೂ ಇದೆಯೇ ಎಂದು ಕೇಳಿದೆ. ಇರಲಿಲ್ಲ. ಹೋಟೆಲು ಮುಚ್ಚಿದಾಗ ಸ್ಟ್ಯಾಂಡು ಗುಜರಿಗೆ ಹೋಗಿತ್ತು. ಮಿಸ್ತ್ರಿಯನ್ನಾದರೂ ಕೇಳೋಣವೆಂದೆ.

“ಅವರು ತೀರಿಹೋಗಿ ಎರಡು ವರ್ಷ ಆಯ್ತಲ್ಲ. ನಿಂಗೆ ಹೇಳಿದ್ದೆ,” ಎಂದರು. ಹೇಳಿದ್ದರು. ನಾನಾಗ ಬೇರೆ ಏನೋ ಕೆಲಸದಲ್ಲಿದ್ದೆ.

“ಅವರ ಹೆಸರು ಎಂತ, ಅಪ್ಪ?”

ಅಪ್ಪ ಮೊಬೈಲಿನಲ್ಲಿ ಹುಡುಕಿ ನೋಡಿದರು. “ಮಿಸ್ತ್ರಿ ಅಂತಲೇ ಕರಿತಿದ್ದದ್ದಲ್ವಾ... ಮೊಬೈಲಲ್ಲಿಯೂ ‘ತುರ್ಭೆ ಮಿಸ್ತ್ರಿ’ ಅಂತಲೇ ಉಂಟು.”

ನಾನು ಒಮ್ಮೆ ಗಟ್ಟಿಯಾಗಿ ಓದಿದ ಹೆಸರು. ಮೊದಲ ಅಕ್ಷರವಾದರೂ ಬಂದೀತೆಂದು ಕಣ್ಣು ಮುಚ್ಚಿ ಕುಳಿತೆ. ಬರಲಿಲ್ಲ.

ಅರ್ಜಿಯಲ್ಲಿ ನಾನೂ ಇದ್ದೇನೆಂದು ಮೇಲಿನವರಿಗೆ ತಿಳಿಸಿದೆ. ಪರವಾಗಿಲ್ಲ, ದಾಖಲೆ ದಾಖಲೆಯೇ, ಎಂದರು. ಆಧಾರವಿಲ್ಲದ್ದನ್ನು ವರದಿಯಲ್ಲಿ ಸೇರಿಸುವಂತಿಲ್ಲ ಎಂಬುದು ನಮ್ಮ ನಿಯಮ. ಅದು ಸರಿಯಾದ ನಿಯಮವೇ. ‘ಇದುವರೆಗೆ ತಿಳಿದಂತೆ ಮೊದಲು ಕಂಡುಹಿಡಿದವರು’ ಎಂಬ ಕಾಲಮಿನಲ್ಲಿ ಆರು ಹೆಸರುಗಳನ್ನು ಒಂದಕ್ಷರವೂ ತಪ್ಪದಂತೆ ಬರೆದೆ. ಮೊದಲನೆಯದು ಸರ್‌ದು. ಕೊನೆಯದು ನನ್ನದು.