ಹಡಗಿಗೆ ಕೈಖರ್ಚು

ನಲವತ್ತು ಲಕ್ಷದ ಮನೆ ಕಟ್ಟಿಸುವಾಗ ಕಂಟ್ರಾಕ್ಟರು ಹೇಳಿದ ಮೊತ್ತಕ್ಕೆ ಕಣ್ಣು ಮುಚ್ಚಿ ತಲೆಯಾಡಿಸಿದ ಮನುಷ್ಯನೇ, ಮೂಡುಬಿದಿರೆಯ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಹೆಚ್ಚು ಕೇಳಿದರೆಂದು ಮುಖ ಕೆಂಪಗೆ ಮಾಡಿಕೊಂಡು ಮುಂದಿನ ಅಂಗಡಿಗೆ ನಡೆಯುವುದನ್ನು ನೀವೂ ನೋಡಿರುತ್ತೀರಿ. ನೀವು ನೋಡಿದ್ದು ನನ್ನನ್ನೇ ಆಗಿದ್ದರೂ ಆಶ್ಚರ್ಯವಿಲ್ಲ. ದೊಡ್ಡ ಖರ್ಚು ಬರುವಾಗಲೇ ಮನಸ್ಸನ್ನು ಮರಗಟ್ಟಿಸಿಕೊಂಡು ಬರುತ್ತದೆ, ಆದ್ದರಿಂದ ಅದು ನೋಯುವುದಿಲ್ಲ. ನೋಯುವುದೆಲ್ಲ ಚಿಲ್ಲರೆ ಖರ್ಚು.

ಕೊಚ್ಚಿಯಿಂದ ಹೊರಟು ಲಕ್ಷದ್ವೀಪದ ಕಡೆಗೊಂದು ಸುತ್ತು ಹಾಕಿ ಮರಳುವ ವಿಹಾರನೌಕೆಗೆ ನನಗೂ ನನ್ನ ಹೆಂಡತಿ ವಿನೋದಾಳಿಗೂ ಟಿಕೆಟು ಮಾಡಿಸಿದಾಗ ಈ ಸತ್ಯ ಮತ್ತೊಮ್ಮೆ ಮನವರಿಕೆಯಾಯಿತು. ಟಿಕೆಟಿನ ಹಣ ನನ್ನ ನಿವೃತ್ತಿಯ ಗಂಟಿನಿಂದ ಸದ್ದಿಲ್ಲದೆ ಕರಗಿಹೋಯಿತು, ಒಂದು ನಿಟ್ಟುಸಿರೂ ಬರಲಿಲ್ಲ. ಆದರೆ ಟಿಕೆಟು ಕೈಗಿತ್ತ ಏಜೆಂಟರು "ಊಟ, ತಿಂಡಿ, ಮಲಗುವುದು ಎಲ್ಲ ಇದರಲ್ಲೇ ಬಂತು ಸರ್, ಕೈಖರ್ಚಿಗೆ ಮಾತ್ರ ಸ್ವಲ್ಪ ಇಟ್ಕೊಳ್ಳಿ" ಎಂದಾಗ ನನ್ನ ನೆಮ್ಮದಿ ಹಾರಿಹೋಯಿತು. ಸ್ವಲ್ಪ ಎಂದರೆ ಎಷ್ಟು? ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ, ಸರಕಾರಗಳ ಕೊರತೆ ಬಜೆಟ್ಟನ್ನು ಕರಿಹಲಗೆಯ ಮೇಲೆ ನಿರ್ದಾಕ್ಷಿಣ್ಯವಾಗಿ ಹಿಗ್ಗಾಮುಗ್ಗಾ ಜಾಡಿಸಿದ ನನಗೆ, ಮೂರು ದಿನ ನೀರಿನ ಮೇಲೆ ತೇಲುವ ಇಬ್ಬರು ಮುದುಕರ ಜೇಬಿನಲ್ಲಿ ಎಷ್ಟಿರಬೇಕೆಂದು ತಿಳಿಯಲಿಲ್ಲ. ನೆಲದ ಮೇಲಿನ ಲೆಕ್ಕವಾದರೆ ಬಾಯಿಪಾಠ. ದಾರಿಯಲ್ಲಿ ಮಾಣಿ ಪೇಟೆಯಲ್ಲಿ ಬಸ್ಸು ನಿಂತರೆ ಒಂದು ಚಾ, ಒಂದು ಪ್ಲೇಟು ಗೋಳಿಬಜೆ, ಚಿಲ್ಲರೆ ವಾಪಸು ಎಣಿಸಿಕೊಳ್ಳುವುದು, ಅಷ್ಟೇ. ಕಡಲಿನ ನಡುವೆ ಮಾಣಿ ಎಲ್ಲಿಂದ ಬರಬೇಕು?

ಕೊನೆಗೆ ಹದಿನೈದು ಸಾವಿರವೆಂದು ಗೊತ್ತುಮಾಡಿದೆ. ಐದು ಸಾವಿರ ಭಕ್ಷೀಸು ಇತ್ಯಾದಿ ಶಿಷ್ಟಾಚಾರಕ್ಕೆ, ಐದು ಸಾವಿರ ಅನಿರೀಕ್ಷಿತಕ್ಕೆ, ಇನ್ನುಳಿದ ಐದು ಸಾವಿರ ವಿನೋದಾಳಿಗೆ. ಅನಿರೀಕ್ಷಿತವನ್ನು ಮುಂಚಿತವಾಗಿ ನಿರೀಕ್ಷಿಸಿದ ನನ್ನ ದೂರದೃಷ್ಟಿಯನ್ನು ಅವಳು ಮೆಚ್ಚಬಹುದೆಂದು ಕಾದೆ. ಅವಳು ತನ್ನ ಪಾಲನ್ನು ಮಾತ್ರ ಗಮನಿಸಿ ಹೇಳಿದಳು: "ಈ ಐದು ಸಾವಿರ ನನಗೆ. ಇದರಲ್ಲಿ ಯಾರಿಗೂ ಏನೂ ತರ್ಲಿಕ್ಕಿಲ್ಲ, ಯಾರಿಗೂ ಏನೂ ಕೊಡ್ಲಿಕ್ಕಿಲ್ಲ. ಏನು ಮಾಡಿದ್ದು ಅಂತ ನೀವು ಕೇಳ್ಲಿಕ್ಕೂ ಇಲ್ಲ."

ಇದನ್ನು ಅವಳು ಹೇಳಿದ್ದು ತುಳುವಿನಲ್ಲಿ. ನಮ್ಮ ಮನೆಯಲ್ಲಿ ಕನ್ನಡ ಬರುವುದು ವೃತ್ತಪತ್ರಿಕೆಯ ಜೊತೆಗೆ ಮಾತ್ರ. ತುಳುವಿನಲ್ಲಿ ಈ ಮಾತಿಗೆ ಇನ್ನೂ ಸ್ವಲ್ಪ ಖಾರ ಜಾಸ್ತಿ ಇತ್ತು. ಖಾರಕ್ಕೆ ಕಾರಣವೂ ಉಂಟು. ಮಡಂತ್ಯಾರಿನ ಕಡೆಯ ಶಾಲೆಯೊಂದರಲ್ಲಿ ಬದುಕಿಡೀ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಿದವಳು ಅವಳು. ಆ ಸಂಬಳ ತಮ್ಮನ ಅಂಗಡಿಗೆ ಬಂಡವಾಳವಾಗಿ, ಮಗಳ ಹಾಸ್ಟೆಲಿನ ಬಿಲ್ಲಾಗಿ, ನಮ್ಮ ಮನೆಸಾಲದ ಕಂತಾಗಿ ರೂಪಾಂತರ ಹೊಂದಿತೇ ಹೊರತು ಒಮ್ಮೆಯೂ ಅವಳ ಸಂಬಳವಾಗಿ ಉಳಿಯಲಿಲ್ಲ. ತರಗತಿಯಲ್ಲಿ ಕುರ್ಚಿಯಲ್ಲಿ ಕೂತರೆ ಹಿಂದಿನ ಸಾಲಿನ ಮಕ್ಕಳು ಕಾಣುವುದಿಲ್ಲವೆಂದು ನಿಂತೇ ಪಾಠ ಮಾಡಿ, ಬಸ್ಸಿನಲ್ಲಿಯೂ ನಿಂತೇ ಬಂದು, ಅವಳಿಗೆ ಉಳಿದದ್ದು ಹಿಮ್ಮಡಿಯ ನೋವು ಮತ್ತು ಸಂಜೆ ಉಪ್ಪು ಹಾಕಿದ ಬಿಸಿನೀರಿನ ಬಕೆಟ್ಟು. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕೆಂಬ ಸಿದ್ಧಾಂತವನ್ನು ನಾನು ವರ್ಷವರ್ಷವೂ ಬೋಧಿಸಿದೆ, ಬಿಟ್ಟುಕೊಟ್ಟವಳು ಅವಳು. ಆದ್ದರಿಂದ ಆ ಐದು ಸಾವಿರವನ್ನು ಅವಳು ತನಗಾಗಿಯೇ ಖರ್ಚು ಮಾಡುವುದನ್ನು ಕಣ್ಣಾರೆ ನೋಡಬೇಕೆಂಬುದು, ಬಾಯಿಬಿಟ್ಟು ಹೇಳದಿದ್ದರೂ, ನನ್ನ ಪ್ರಯಾಣದ ಮುಖ್ಯ ಉದ್ದೇಶವಾಗಿತ್ತು. ಕಡಲನ್ನು ಬೇಕಾದರೆ ಪಣಂಬೂರಿನಲ್ಲೂ ನೋಡಬಹುದಲ್ಲ.

ಆದರೆ ನಮ್ಮ ಸೀಮೆಯಲ್ಲಿ ಇಷ್ಟು ಸುಲಭವಾಗಿ ಹಡಗು ಹತ್ತಲಾಗುವುದಿಲ್ಲ. ದೂರಪ್ರಯಾಣಕ್ಕೆ ಹೊರಟವರ ಕೈಗೆ ಹಿರಿಯರು ‘ದಾರಿ ಖರ್ಚಿಗೆ’ ಎಂದು ನೋಟು ತುರುಕುತ್ತಾರೆ. ಬೇಡವೆನ್ನುವುದು ಅಗೌರವ, ತೆಗೆದುಕೊಂಡರೆ ಬರುವಾಗ ಏನಾದರೂ ತರಬೇಕು. ಅದರಲ್ಲೂ ಮನೆಗೊಬ್ಬರು ಗಲ್ಫಿನಲ್ಲಿರುವ ಈ ತಾಲೂಕುಗಳಲ್ಲಿ ನೀರು ದಾಟಿ ಹೋದವನು ಕೈಬೀಸಿಕೊಂಡು ಬಂದ ದೃಷ್ಟಾಂತವೇ ಇಲ್ಲ. ಬಂಟ್ವಾಳದಲ್ಲಿರುವ ವಿನೋದಾಳ ಸೋದರಮಾವ ಇನ್ನೂರು ಕೊಟ್ಟು "ಮೊಮ್ಮಕ್ಕಳಿಗೆ ಚಾಕಲೇಟು ಆದ್ರೆ ಸಾಕು" ಎಂದರು. ಬೆಳ್ತಂಗಡಿಯಲ್ಲಿರುವ ನನ್ನ ಗಿರಿಜಕ್ಕ ಐನೂರರ ನೋಟನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮಡಚಿ, "ನನಗೆ ಏನೂ ಬೇಡ ಮಾರಾಯ. ಆ ಫಾರಿನ್ನಿನ ನೋವಿನ ಎಣ್ಣೆ ಸಿಕ್ಕಿದ್ರೆ ನೋಡು" ಎಂದಳು. ಅಕ್ಕನ ‘ಸಿಕ್ಕಿದ್ರೆ ನೋಡು’ ಎಂಬುದು ಹೈಕೋರ್ಟಿನ ಆದೇಶ. ಲಕ್ಷದ್ವೀಪ ಭಾರತದಲ್ಲೇ ಇದೆ, ಹಡಗು ದುಬೈಗೆ ಹೋಗುವುದಿಲ್ಲ ಎಂದು ನಾನು ಭೂಗೋಳ ವಿವರಿಸಿದೆ. ಅಷ್ಟು ದೊಡ್ಡ ಹಡಗು ಅಷ್ಟು ಹತ್ತಿರ ಯಾಕೆ ಹೋಗಬೇಕು ಎಂದು ಅವಳು ಕೇಳಿದಳು. ಹೀಗೆ ವಾರದೊಳಗೆ ನಮ್ಮ ಆದಾಯವೂ ಏರಿತು, ಅದಕ್ಕಿಂತ ವೇಗವಾಗಿ ಬಾಧ್ಯತೆಯೂ ಏರಿತು, ವಿನೋದಾಳ ಐದು ಸಾವಿರದ ಸುತ್ತ ನೆಂಟರಿಷ್ಟರ ನೆರಳು ಕವಿಯತೊಡಗಿತು.

ಪರಿಹಾರ ಹುಡುಕಿದವಳೂ ಅವಳೇ. ಹೊರಡುವ ಹಿಂದಿನ ವಾರ ನನ್ನನ್ನು ಬಿ.ಸಿ. ರೋಡಿಗೆ ಎಳೆದುಕೊಂಡು ಹೋಗಿ, ಗಲ್ಫ್ ಸಾಮಾನು ಮಾರುವ ಅಂಗಡಿಯೊಂದಕ್ಕೆ ಹೊಗಿಸಿ, ನೋವಿನ ಎಣ್ಣೆ, ಚಾಕಲೇಟು, ಸೆಂಟು, ಹಾಲಿನ ಪುಡಿ ಎಲ್ಲವನ್ನೂ ನೆಂಟರ ನೋಟುಗಳಿಂದಲೇ ಖರೀದಿಸಿದಳು. ಅಂಗಡಿಯವರು "ಯಾವಾಗ ಬಂದದ್ದು ಸರ್?" ಎಂದು ಆತ್ಮೀಯವಾಗಿ ಕೇಳಿದರು. ಸುಳ್ಳು ಹೇಳಲು ಬಾರದೆ, ಹೋಗಲಿಕ್ಕೆ ಇನ್ನೂ ಒಂದು ವಾರ ಉಂಟು ಎಂದೆ. ಅವರು ಒಂದಿಷ್ಟೂ ವಿಚಲಿತರಾಗದೆ, "ಅದೇ ಒಳ್ಳೆಯದು ಸರ್. ಬರುವಾಗ ಲಗೇಜು ಭಾರ ಆಗುವುದಿಲ್ಲ" ಎಂದು ಪ್ಯಾಕು ಮಾಡಿಕೊಟ್ಟರು. ಪ್ರವಾಸದ ಉಡುಗೊರೆಗಳನ್ನು ಮನೆಯ ಕಪಾಟಿನಲ್ಲಿಟ್ಟು ಬೀಗ ಹಾಕಿ ನಾವು ಪ್ರವಾಸಕ್ಕೆ ಹೊರಟೆವು.

ಹಡಗಿನಲ್ಲಿ ನೋಟು ನಡೆಯುವುದಿಲ್ಲ. ಹತ್ತಿದ ಕೂಡಲೇ ಕೌಂಟರಿನಲ್ಲಿ ಹಣ ಕಟ್ಟಿದರೆ ಅದು ನಮ್ಮ ಕೋಣೆಯ ಕಾರ್ಡಿನೊಳಗೆ ಸೇರಿಕೊಳ್ಳುತ್ತದೆ, ಆಮೇಲೆ ಎಲ್ಲವೂ ಆ ಕಾರ್ಡಿನ ಮಹಿಮೆ. ನಾನು ಮೂರು ಭಾಗ ಮಾಡಿದ್ದ ಬಜೆಟ್ಟು ಅಲ್ಲಿ ಜಾತಿಭೇದವಿಲ್ಲದೆ ಒಂದಾಗಿ ಹೋಯಿತು. ವಿನೋದಾ ಮೊದಲ ದಿನವೇ ತನ್ನ ಖರ್ಚನ್ನು ಆರಿಸಿಕೊಂಡಿದ್ದಳು, ನನಗೆ ಹೇಳಲಿಲ್ಲ ಅಷ್ಟೇ. ಊಟದ ಸಭಾಂಗಣಕ್ಕೆ ಹೋಗುವ ದಾರಿಯಲ್ಲಿ ಮಸಾಜಿನ ಕೋಣೆಯೊಂದಿತ್ತು. ಅದರ ಬಾಗಿಲಲ್ಲಿ, ಎರಡು ಪಾದಗಳ ಚಿತ್ರದ ಕೆಳಗೆ ಮೂರೂವರೆ ಸಾವಿರವೆಂದು ಬರೆದಿತ್ತು. ಹೋಗುವಾಗಲೂ ಬರುವಾಗಲೂ ಅವಳ ನಡಿಗೆ ಅಲ್ಲಿ ನಿಧಾನವಾಗುತ್ತಿತ್ತು. ನಾಳೆ ಹೋಗ್ತೇನೆ, ನಾಡಿದ್ದು ಹೋಗ್ತೇನೆ ಎಂದು ಅವಳ ಮುಖ ಹೇಳುತ್ತಿತ್ತು. ಅಭ್ಯಾಸವಿಲ್ಲದವರಿಗೆ ತಮಗಾಗಿ ಖರ್ಚು ಮಾಡುವುದಕ್ಕೂ ಮುಹೂರ್ತ ಕೂಡಿಬರಬೇಕು.

ಮುಹೂರ್ತ ಕೂಡಿಬರುವ ಮೊದಲು ಉಜಿರೆಯವರು ಕೂಡಿಬಂದರು. ಹಡಗಿನ ಮೇಲಿನ ಅಟ್ಟದಲ್ಲಿ ನಿಂತು ನೀರು ನೋಡುತ್ತಿದ್ದಾಗ ಹಿಂದಿನಿಂದ ತುಳು ಕೇಳಿಸಿತು. ಕಡಲಿನ ನಡುವೆ ತುಳು ಕೇಳಿದರೆ ಯಾರಿಗಾದರೂ ಮೈ ಪುಳಕಿತವಾಗದಿರುತ್ತದೆಯೇ? ಉಜಿರೆಯಲ್ಲಿ ಹೋಟೆಲು ನಡೆಸುವ ಸದಾಶಿವಣ್ಣ, ಅವರ ಹೆಂಡತಿ, ಮಕ್ಕಳು, ಅಳಿಯ, ಸೊಸೆ, ಮೊಮ್ಮಕ್ಕಳು, ಒಟ್ಟು ಒಂದು ಪಟಾಲಮ್ಮು. ಐದು ನಿಮಿಷದಲ್ಲಿ ಅವರಿಗೂ ನಮ್ಮ ಗಿರಿಜಕ್ಕನ ಮನೆಗೂ ಸಂಬಂಧ ಸಿಕ್ಕಿತು, ಹತ್ತನೆಯ ನಿಮಿಷಕ್ಕೆ "ಬನ್ನಿ, ಕಾಫಿ ಕುಡಿಯುವ" ಎಂದು ನಾನೇ ಅವರನ್ನೆಲ್ಲ ಹಡಗಿನ ಕಾಫಿ ಅಂಗಡಿಗೆ ಕರೆದೊಯ್ದೆ. ಅಲ್ಲಿಯ ಕಾಫಿ ಟಿಕೆಟಿನಲ್ಲಿ ಸೇರಿಲ್ಲವೆಂದು ನನಗೆ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ. "ಎಲ್ಲ ಟಿಕೆಟಿನಲ್ಲೇ ಉಂಟಲ್ಲ, ತಗೊಳ್ಳಿ ತಗೊಳ್ಳಿ" ಎಂದು ಸದಾಶಿವಣ್ಣನೇ ಎಲ್ಲರನ್ನೂ ಹುರಿದುಂಬಿಸಿದರು. ಮಕ್ಕಳು ಐಸ್‌ಕ್ರೀಮು ಹಾಕಿದ ಕಾಫಿ, ಕೇಕು, ಮತ್ತೆ ಇನ್ನೊಂದು ಸುತ್ತು. ಇದಕ್ಕೆ ದುಡ್ಡು ಉಂಟು ಎಂದು ಅತಿಥಿಗಳಿಗೆ ಹೇಳುವ ನಾಲಗೆಯನ್ನು ದೇವರು ನನ್ನ ಬಾಯಿಯಲ್ಲಿ ಇಟ್ಟಿಲ್ಲ.

ಬಿಲ್ಲು ಬಂತು. ಸದಾಶಿವಣ್ಣ ಬೆಚ್ಚಿದರು, ಆದರೆ ಅವರೂ ನಮ್ಮ ನೆಲದವರೇ ತಾನೇ? ಮರುಕ್ಷಣವೇ ಕಾರ್ಡು ಹಿಡಿದು ಎದ್ದುನಿಂತರು. ಬಿಲ್ಲಿಗಾಗಿ ಜಗಳವಾಡುವುದು ನಮ್ಮಲ್ಲಿ ಕೋಳಿ ಅಂಕಕ್ಕಿಂತ ಹಳೆಯ ಕ್ರೀಡೆ. ನುರಿತ ಆಟಗಾರನು ಕೈ ತೊಳೆಯುವ ನೆಪದಲ್ಲಿ ಮೊದಲೇ ಎದ್ದು ಗಲ್ಲಾಪೆಟ್ಟಿಗೆಯಲ್ಲಿ ಕೆಲಸ ಮುಗಿಸಿ ಬರುತ್ತಾನೆ. ಹಡಗಿನಲ್ಲಿ ಗಲ್ಲಾಪೆಟ್ಟಿಗೆಯೇ ಮೇಜಿನ ಬಳಿಗೆ ಬರುವುದರಿಂದ ಎಲ್ಲರೆದುರೇ ಮುಷ್ಟಾಮುಷ್ಟಿಯಾಗಬೇಕಾಯಿತು. "ನೀವು ಕೊಟ್ರೆ ನಾನು ಇನ್ನು ಮಾತಾಡುವುದಿಲ್ಲ" ಎಂದು ಅವರು, "ಕರೆದವನು ನಾನು, ನನ್ನ ಮರ್ಯಾದೆ ತೆಗೀಬೇಡಿ" ಎಂದು ನಾನು. ಯಂತ್ರ ಹಿಡಿದಿದ್ದ ಬಡಪಾಯಿ ವೇಟರು, ಇಬ್ಬರು ನರೆತಲೆಯವರು ಕೊಡದಿರಲಿಕ್ಕಾಗಿ ಹೊಡೆದಾಡುತ್ತಿದ್ದಾರೆಂದು ತಿಳಿದು ಎರಡು ಹೆಜ್ಜೆ ಹಿಂದೆ ಸರಿದ. ನಾನು ಅವನ ಹಿಂದೆಯೇ ಹೋಗಿ ಕಾರ್ಡು ಉಜ್ಜಿ ಗೆದ್ದೆ. ಆ ಗೆಲುವು ನನ್ನ ಶಿಷ್ಟಾಚಾರವನ್ನೂ ಅನಿರೀಕ್ಷಿತವನ್ನೂ ನುಂಗಿ, ವಿನೋದಾಳ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೆಕ್ಕಿತ್ತು.

ಕೋಣೆಗೆ ಬಂದು ಬಿಲ್ಲಿನ ಮೊತ್ತ ತಿಳಿಸಿದೆ. ಅವಳು ಬಯ್ಯುತ್ತಾಳೆಂದುಕೊಂಡಿದ್ದೆ, ಬಯ್ದಿದ್ದರೆ ಹಗುರವಾಗುತ್ತಿತ್ತು. ಅವಳು ಮಂಚದ ತುದಿಯಲ್ಲಿ ಕೂತು ಹಿಮ್ಮಡಿಯನ್ನು ತಾನೇ ಒತ್ತಿಕೊಳ್ಳುತ್ತಾ "ಹೋಗ್ಲಿ ಬಿಡಿ. ಊರಿನವರಿಗೆ ಕೊಡದೆ ಆಗ್ತದಾ?" ಎಂದಳು. ತಮ್ಮನ ಅಂಗಡಿಗೆ ಕೊಟ್ಟಾಗಲೂ, ಮನೆಸಾಲಕ್ಕೆ ಕೊಟ್ಟಾಗಲೂ ಇದೇ ಮಾತು, ಇದೇ ಧ್ವನಿ. ಕಿಟಕಿಯ ಹೊರಗೆ ಅಷ್ಟು ನೀಲಿ ಇತ್ತು, ನನಗೆ ನೋಡುವ ಮನಸ್ಸೇ ಆಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದಳು. ಚಪ್ಪಲಿ ಹಾಕಿಕೊಂಡಳು. "ಇಲ್ಲ" ಎಂದಳು. "ಈ ಸಲ ಹೋಗ್ಲಿ ಬಿಡಿ ಅಂತ ಹೇಳುವುದಿಲ್ಲ. ಬಜೆಟ್ಟು ನಿಮ್ಮದು, ಕಾಲು ನನ್ನದು. ನಿಮ್ಮ ಬನಿಯನ್ನಿನ ಕಿಸೆಯಲ್ಲಿ ಆಪತ್ತಿಗೆ ಅಂತ ಇಟ್ಟದ್ದು ಉಂಟಲ್ಲ, ಅದನ್ನು ತೆಗೀರಿ." ಆ ಕಿಸೆಯ ವಿಷಯ ನನಗೊಬ್ಬನಿಗೇ ಗೊತ್ತೆಂದು ನಾನು ಭಾವಿಸಿದ್ದೆ. ತೆಗೆದೆ. ಕೌಂಟರಿಗೆ ಹೋಗಿ ಕಾರ್ಡಿಗೆ ತುಂಬಿಸಿದೆ. ಜೀವನದಲ್ಲಿ ಮೊದಲ ಸಲ ಬಜೆಟ್ಟನ್ನು ಮೀರಿ ಖರ್ಚು ಮಾಡಿದೆ.

ಅವಳು ಒಳಗೆ ಹೋದಳು, ನಾನು ಹೊರಗಿನ ಕುರ್ಚಿಯಲ್ಲಿ, ಹೆರಿಗೆ ಕೋಣೆಯ ಹೊರಗೆ ಕೂತ ಗಂಡನಂತೆ, ಕೂತೆ. ಹೊರಬಂದಾಗ ಅವಳ ಮುಖ ಮಿಂದು ಬಂದವರ ಹಾಗೆ ತಿಳಿಯಾಗಿತ್ತು, ಕಣ್ಣು ಮಾತ್ರ ಒದ್ದೆ. ಗಾಬರಿಯಿಂದ ನೋವಾಯಿತೇ ಎಂದು ಕೇಳಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಇಷ್ಟು ವರ್ಷ ನನ್ನ ಕಾಲು ಮುಟ್ಟಿದವರೆಲ್ಲ ಆಶೀರ್ವಾದ ಕೇಳಿದವರೇ" ಎಂದಳು. "ನೋವು ಎಲ್ಲಿ ಉಂಟು ಅಂತ ಕೇಳಿದವಳು ಈ ಮಸಾಜಿನ ಹುಡುಗಿ ಒಬ್ಬಳೇ."

ಕೇಳದವರ ಪಟ್ಟಿಯಲ್ಲಿ ಮೊದಲ ಹೆಸರು ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಅವಳು ನನ್ನ ತೋಳು ಹಿಡಿದುಕೊಂಡು ಮೇಲಿನ ಅಟ್ಟಕ್ಕೆ ಹತ್ತಿದಳು, ನಾವು ಸಂಜೆಯವರೆಗೆ ಕಡಲು ನೋಡಿದೆವು. ಸದಾಶಿವಣ್ಣ ಕಾಫಿಗೆ ಕರೆದರು. ಈ ಸಲ ಅವರೇ ಗೆಲ್ಲಲಿ ಎಂದು ನಾನು ಕೈ ತೊಳೆಯಲು ಹೋಗಿ ಸಾಕಷ್ಟು ತಡವಾಗಿಯೇ ಬಂದೆ.

ಊರಿಗೆ ಮರಳಿದ ಮೇಲೆ ಕಪಾಟಿನ ಬೀಗ ತೆಗೆದು, ಬೆಳ್ತಂಗಡಿಗೆ ಹೋಗಿ ಅಕ್ಕನಿಗೆ ಎಣ್ಣೆ ಒಪ್ಪಿಸಿದೆವು. ಹಡಗಿನಿಂದ ಬಂದವರೆಂದು ಅಕ್ಕನ ಸೊಸೆ ವಿನೋದಾಳ ಕಾಲಿಗೆ ಬಗ್ಗಿದಳು. "ಹೇಗೂ ಬಗ್ಗಿದ್ದೀಯಲ್ಲ ಮಾರಾಯ್ತಿ, ಹಿಮ್ಮಡಿ ಸ್ವಲ್ಪ ಒತ್ತು" ಎಂದು ವಿನೋದಾ ನಕ್ಕು, ಹಡಗಿನ ಮಸಾಜಿನ ಕಥೆಯನ್ನೆಲ್ಲ ಹೇಳಿಬಿಟ್ಟಳು. ಹಿರಿಯರಿಗೆ ಯಾವುದರ ಬೆಲೆ ಹೇಳುವಾಗಲೂ ಅರ್ಧಕ್ಕೆ ಇಳಿಸಿ ಹೇಳುವುದು ನಮ್ಮಲ್ಲಿಯ ಸಜ್ಜನಿಕೆ. ನಾನು ಇಳಿಸುವ ಮೊದಲೇ ಅವಳು ಮೂರೂವರೆ ಸಾವಿರವೆಂದು ಪೂರ್ತಿಯಾಗಿ ಹೇಳಿಯಾಗಿತ್ತು. ಅಕ್ಕ ಎಪ್ಪತ್ತು ದಾಟಿದವಳು, ರಿಕ್ಷಾಕ್ಕೆ ಕೊಡುವ ದುಡ್ಡು ಉಳಿಸಲು ಸಂತೆಯಿಂದ ಚೀಲ ಹೊತ್ತು ನಡೆದು ಬರುವವಳು. ನಾನು ಬಯ್ಗುಳಕ್ಕೆ ಸಿದ್ಧನಾದೆ.

ಅಕ್ಕ ಎಣ್ಣೆಯ ಬಾಟಲಿಯನ್ನು ಪಕ್ಕಕ್ಕಿಟ್ಟಳು.

"ಅಷ್ಟಕ್ಕೆ ಒಂದು ಕಾಲಾ, ಎರಡೂ ಕಾಲಾ?"

"ಎರಡೂ ಅಕ್ಕ" ಎಂದಳು ವಿನೋದಾ.

"ಹಾಗಾದ್ರೆ ಹೆಚ್ಚೇನಲ್ಲ" ಎಂದು ಅಕ್ಕ ಸೀರೆಯ ಅಂಚನ್ನು ತುಸು ಮೇಲೆತ್ತಿ, ಒಡೆದ ತನ್ನ ಎರಡು ಪಾದಗಳನ್ನು ಮುಂದಕ್ಕೆ ಚಾಚಿ, ಅವನ್ನು ಮೊದಲ ಸಲ ಕಂಡವಳಂತೆ ನೋಡುತ್ತ ಕೂತಳು. ನಾನು ಮನಸ್ಸಿನಲ್ಲೇ ಮೂವರಿಗೆ ಟಿಕೆಟಿನ ಲೆಕ್ಕ ಹಾಕತೊಡಗಿದೆ. ಕೈಖರ್ಚಿಗೆ ಎಷ್ಟಾಗುತ್ತದೆಂದು ಮಾತ್ರ ಈ ಸಲ ಲೆಕ್ಕ ಹಾಕಲಿಲ್ಲ.